ದೊರೆ ಕೇಳಿ ಬರೆಸಿದ ಬಾಳು

ಹರಿಹರದ ಬಸ್ ನಿಲ್ದಾಣದಲ್ಲಿ ರಾಣೆಬೆನ್ನೂರು ಬಸ್ಸಿಗೆ ಕಾದು ಕೂತಿದ್ದ ವಾಮದೇವಪ್ಪನವರಿಗೆ ಬೆನ್ನ ಹಿಂದಿನ ಮಾತು ತಾನಾಗಿ ಕಿವಿಗೆ ಬಿತ್ತು. ಮಲಾಯಾದ ರಬ್ಬರ್ ತೋಟದಲ್ಲಿ ಇಪ್ಪತ್ತು ವರ್ಷ ಗುಮಾಸ್ತನಾಗಿದ್ದು ಮರಳಿದ ತಮ್ಮ. ಕರೆದೊಯ್ಯಲು ಬಂದ, ದಾವಣಗೆರೆ ಹತ್ತಿರದ ಹದಡಿಯ ಅಕ್ಕ.

“ಅಲ್ಲಿ ನನ್ನ ಮಲಾಯಿ ಗೆಳೆಯ ಅವನ ಮುತ್ತಜ್ಜ ಬರೆದ ಪುಸ್ತಕ ಓದಿ ಹೇಳ್ತಿದ್ದ, ಅಕ್ಕ. ಮುತ್ತಜ್ಜ ತನ್ನ ಬಾಳಿನ ಕತೆನೇ ಬರೆದಾನೆ.”

“ತನ್ನ ಕತೆ ತಾನೇ ಬರಕಂತಾರೇನೋ?”

“ಅವರಲ್ಲೂ ಆಗ ರಾಜರ ಕತೆ ಬರೆಯೋದೇ ವಾಡಿಕೆ. ಬಿಳಿ ದೊರೆ ‘ನಿನ್ನ ಕತೆ ಬರಿ’ ಅಂದದ್ದಕ್ಕೆ ಬರೆದ.”

“ಕೇಳಿದ ದೊರೆಯ ವಂಶ ತಣ್ಣಗಿರ್ಲಿ.”

“ಓದೋನು ದೊರೆ ಅಲ್ವಾ? ಪುಟಪುಟಕ್ಕೂ ಅವನದೇ ಹೊಗಳಿಕೆ. ಹೆತ್ತವ್ವಂದು ಒಂದೇ ಸಾಲು.”

“ಒಂದು ಸಾಲಾದ್ರೂ ಉಳೀತಲ್ಲ. ನೀನೂ ಬರಿಯೋ ಕೆಂಚಣ್ಣ.”

“ನನ್ನ ಯಾರು ಕೇಳ್ತಾರೆ?”

“ನಾನು ಕೇಳ್ತಿದೀನಲ್ಲ.”

“ನಿನಗೆ ಓದಾಕೆ ಬರಲ್ಲಲ್ಲ, ಅಕ್ಕ.”

“ಅದಕ್ಕೇ ಹೇಳಿದ್ದು. ನನ್ನ ಹೊಗಳೋ ಕೆಲಸ ಇಲ್ಲ. ಅವ್ವಂದು ಪೂರ್ತಿ ಬರಿ.”

ದಾವಣಗೆರೆ ಬಸ್ಸು ಬಂತು. ಟ್ರಂಕು ಎತ್ತಬೇಕಾದ ತಮ್ಮ ಬಗ್ಗಿ ಅಕ್ಕನ ಪಾದ ಮುಟ್ಟಿದ.

“ಏಳೋ, ಸೀಟು ಹೋದಾವು,” ಎಂದು ಅಕ್ಕ ಟ್ರಂಕನ್ನು ತಾನೇ ಎತ್ತಿಕೊಂಡು ನಡೆದಳು.