ಅಕ್ವೇರಿಯಂ ಲೈಟು ಆರಿಸುವ ಹೊತ್ತು

ಬನಶಂಕರಿಯಲ್ಲಿ ಬಸ್ಸು ಹತ್ತಿದ ಶಶಿಧರ್‌ಗೆ ಸೀಟು ಸಿಕ್ಕಿತು. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಬೈರಮ್ಮ ಮನೆ ಓನರು, ತಂಗೆವ್ವ ಅವರ ಮಹಡಿಯ ಬಾಡಿಗೆಯವಳು ಎಂದು ಮಾತಿನಲ್ಲೇ ತಿಳಿಯಿತು.

“ನಿಮ್ಮನಿ ಮೀನು ಯಾಕ್ರೀ ಅಕ್ಕಾರ, ಮೂಲ್ಯಾಗ ಸುಮ್ನ ನಿಂತಿದ್ವು?” ತಂಗೆವ್ವ ಕೇಳಿದಳು.

“ಅಕ್ವೇರಿಯಂ ಲೈಟು ಹಗಲೂ ರಾತ್ರಿ ಉರೀತಿತ್ತಲ್ಲ, ನಿದ್ದೆಗೆಟ್ಟಿದ್ವು. ಅವಕ್ಕೆ ರೆಪ್ಪೆ ಇಲ್ವಂತೆ. ಬೆಳಗ್ಗೆ ಹತ್ತಕ್ಕೆ ಹಾಕಿ ಸಂಜೆ ಏಳಕ್ಕೆ ಆರ್ಸಿ ಅಂದ್ರು ಮೀನು ತಂದ ಅಂಗಡಿಯವರು.”

“ಮತ್ತ ಯಾಕ ಹಚ್ಚಿಟ್ಟಿದ್ರಿ?”

“ನಮ್ಮೆಜಮಾನ್ರಿಗೆ ಅಂತ. ಸ್ಟ್ರೋಕ್ ಆಗಿ ಮಾತು ನಿಂತ್ಮೇಲೆ, ಆರು ತಿಂಗಳಿಂದ ಆ ಮೀನು ನೋಡ್ಕೊಂಡೇ ಕೂತಿರ್ತಾರೆ. ಆರ್ಸಿದ್ರೆ ಬೇಜಾರಾಗ್ತಾರೇನೋ ಅಂತ ಭಯ.”

“ಈಗ?”

“ಅಂಗಡಿಯವರು ಅಂದಿದ್ದನ್ನ ಅವ್ರಿಗೂ ಹೇಳ್ದೆ. ವಾರದಿಂದ ಏಳಕ್ಕೇ ಆರಿಸ್ತಿದೀನಿ, ಮೀನು ಚೆನ್ನಾಗಿ ಓಡಾಡ್ತವೆ. ನಿನ್ನೆ ಸೀರಿಯಲ್ ನೋಡ್ತಾ ಮರೆತುಬಿಟ್ಟೆ. ಏಳೂವರೆಗೆ ಹಿಂದಿನಿಂದ, ‘ಬೈರಿ, ಲೈಟು ಆರ್ಸು’ ಅಂದ್ರು.”

ತಂಗೆವ್ವ ಪೂರ್ತಿ ತಿರುಗಿ ಕೂತಳು. “ಅವರೇ ಮಾತಾಡಿದ್ರೇನ್ರಿ?”

“ತೊದಲ್ತಾ ಅಂದ್ರು. ಆದ್ರೂ ನನ್ನ ಹೆಸರು ಹಿಡಿದು.”

ಶಶಿಧರ್ ಕಿಟಕಿಯ ಕಡೆ ಮುಖ ಮಾಡಿದ. ಕಿವಿ ಮಾತ್ರ ಅವರ ಕಡೆಗೇ ಇತ್ತು.

ಹುಳಿಮಾವು ಸ್ಟಾಪು ಬಂತು. ಇಬ್ಬರೂ ಚೀಲ ಹಿಡಿದು ಎದ್ದರು.

“ಇವತ್ತಾದ್ರೂ ನೆನಪಿಟ್ಟು ಆರಸ್ರಿ, ಪಾಪ, ಮೀನು ಮಲಗಲಿ.”

“ಒಂದರ್ಧ ಗಂಟೆ ತಡ್ಕೋತವೆ ಬಿಡು. ಇವತ್ತೂ ಮರೀತೀನಿ,” ಎಂದು ಬೈರಮ್ಮ ನಗುತ್ತಾ ಇಳಿದುಹೋದರು.