ತೊಂಬತ್ತೊಂದು ಕಾಲಮ್ಮಿನ ಲಗ್ನಪತ್ರಿಕೆ

…ಕಂಪ್ಯೂಟರ್ ತಪ್ಪು ಕಣ್ಲಾ ವೇಣು, ನಂದಲ್ಲ. ಮೊದ್ಲು ಕೂತ್ಕೊ. ಸೂಳಗಿರಿಯಿಂದ ಗಾಡಿ ಓಡಿಸ್ಕೊಂಡು ಬಂದು ಹೆಲ್ಮೆಟ್ ಹಿಡ್ಕೊಂಡು ಅಂಗಡಿ ಬಾಗ್ಲಾಗೆ ನಿಂತ್ರೆ, ನೋಡಿದೋರು ಏನಂದ್ಕೊಂತಾರೆ? ಅಣ್ಣ ತಮ್ಮ ಕಿತ್ತಾಡ್ತಾವ್ರೆ ಅಂತಾರೆ. ಕೂತ್ಕೊಳ್ಲಾ. ಆ ಫ್ಲೆಕ್ಸ್ ಮೇಲೆ ಬ್ಯಾಡ, ಇನ್ನೂ ಒಣಗಿಲ್ಲ. ನಿನ್ ಪ್ಯಾಂಟ್ ಮೇಲೆ ಕೌನ್ಸಿಲರ್ ಮುಖ ಬಂದ್ಬುಡ್ತದೆ.

ಹ್ಞೂ, ನನ್ ಮಗಳು ಪವಿತ್ರನ ಲಗ್ನಪತ್ರಿಕೆ ವೆಬ್‌ಸೈಟಾಗೆ ನಿನ್ ಹೆಸರಿಲ್ಲ. ಒಡಹುಟ್ಟಿದ ತಮ್ಮ, ಮದುಮಗಳ ಚಿಕ್ಕಪ್ಪ, ಹೆಸರಿಲ್ಲ. ಒಪ್ಕೊಂತೀನಿ. ಯಾಕಿಲ್ಲ ಅಂತ ಹೇಳ್ತೀನಿ, ಹಂಗ್ ನೋಡ್ಬ್ಯಾಡ.

ಈ ಅಂಗಡೀಲಿ ನಲವತ್ತು ಮದ್ವೆಗೆ ವೆಬ್‌ಸೈಟ್ ಮಾಡಿದೀನಿ. ಹೆಸರು ತುಂಬೋಕೆ ಕಾಲಂ ಬೇಕು ನೋಡು, ಅದನ್ನ ಹುಟ್ಸೋಕೆ ಒಂದು ಪ್ಲಗಿನ್ ಹಾಕಿದೀನಿ. 'ಸೋದರಮಾವ' ಅಂತ ಟೈಪ್ ಮಾಡು, ಸೋದರಮಾವನ್ ಕಾಲಂ ರೆಡಿ. 'ಷಡ್ಡಕ' ಅನ್ನು, ಷಡ್ಡಕನ್ ಕಾಲಂ ರೆಡಿ. ಊರೋರ ಮದ್ವೆಯೆಲ್ಲ ಹತ್ತು ಕಾಲಮ್ಮಾಗೆ ಮುಗಿಸಿದೋನು ನಾನು. ನಮ್ಮನೆ ಮದ್ವೆಗೆ ಎಷ್ಟಾಯ್ತು ಗೊತ್ತಾ? ತೊಂಬತ್ತೊಂದು.

ಯಾಕ್ ನಗ್ತೀಯ? ನಮ್ ಭಾವಮೈದ ಗೋಪಾಲಪ್ಪ ಬಂದ. ಹುಡುಗೀನ ಹಸೆಮಣೆಗೆ ಕರ್ಕೊಂಡು ಬರೋನು ನಾನು, ನನ್ ಹೆಸರು ಇನ್ನೊಬ್ನ ಪಕ್ಕದಾಗಾ ಅಂತ ಕಾಫಿ ಮುಟ್ಟದೆ ಕೂತ. 'ಮುಖ್ಯ ಸೋದರಮಾವ' ಹುಟ್ಟಿಸ್ದೆ. ಮಾರನೇ ದಿನ ಅವನ ತಮ್ಮ ಬಂದ, ಹಂಗಾರೆ ನಾನೇನು ಚಿಲ್ರೆ ಸೋದರಮಾವನಾ ಅಂತ. 'ಅತಿ ಮುಖ್ಯ ಸೋದರಮಾವ' ಹುಟ್ಟಿಸ್ದೆ.

ಡೆಂಕಣಿಕೋಟೆ ಕೊಂಡಮ್ಮತ್ತೆ ಫೋನು. ರಾಗಿ ಹೊಲಕ್ಕೆ ಆನೆ ಬಿದ್ದೈತಂತೆ, ಬರೋಕಾಯ್ತದೋ ಇಲ್ವೋ. ಹೆಸರು ಇರ್ಲೇಬೇಕು, ಆದ್ರೆ ಬರೋರ ಜೊತೆ ಹಾಕಿದ್ರೆ ಸುಳ್ಳಾಯ್ತದಂತೆ. 'ಆನೆ ಬಿಟ್ಟರೆ ಬರುವವರು' ಅಂತ ಒಂದು ಕಾಲಂ ಮಾಡ್ದೆ. ಈಗ ಅದ್ರಾಗೆ ಹದಿನಾಲ್ಕು ಮನೆಯೋರು ಸೇರ್ಕೊಂಡವ್ರೆ, ಮೂರು ಮನೆ ಹೊಸೂರು ಬಸ್ ಸ್ಟ್ಯಾಂಡ್ ಪಕ್ಕದ್ದು! 'ಮಾತು ಬಿಟ್ಟಿದ್ದರೂ ಬರುವವರು' ಅಂತ ಇನ್ನೊಂದೈತೆ. ಅದು ನಿಮ್ಮತ್ಗೆ ಸುಗುಣಾ ಮಾಡ್ಸಿದ್ದು. ಎಲ್ಲಾದಕ್ಕಿಂತ ಉದ್ದ ಅದೇ.

ಇಷ್ಟೆಲ್ಲ ಮಾಡಿ ಎಲ್ಲಾರಿಗೂ ಕಳಿಸ್ದೆ. ಎಲ್ಡ್ ದಿನ ಆದ್ಮೇಲೆ ಬೀಗರ ಫೋನು. ಎಲ್ಲಾ ಚೆನ್ನಾಗೈತೆ ಶಿವಣ್ಣ, ನಮ್ ಹುಡುಗನ್ ಹೆಸರು ಎಲ್ಲೈತೆ ಅಂದ್ರು. ಮದುಮಗನ್ ಕಾಲಮ್ಮೇ ಹುಟ್ಟಿಸಿಲ್ಲ ಕಣ್ಲಾ ನಾನು! ಇನ್ನೂರು ಜನ ನೋಡವ್ರೆ, ಒಬ್ರಿಗೂ ಗೊತ್ತಾಗಿಲ್ಲ. ಅವರವರ ಹೆಸರು ನೋಡ್ಕೊಂಡು ಫೋನ್ ಮಡಗವ್ರೆ.

ನಗು, ನಗು. ಅದನ್ನೇ ನಾನ್ ಹೇಳೋದು. ಗಂಡನ್ನೇ ಮರ್ತೋನು ತಮ್ಮನ್ನ ಮರ್ಯಕಿಲ್ವಾ? ಏನು? ಆಗ ಕಂಪ್ಯೂಟರ್ ತಪ್ಪು ಅಂದೆ, ಈಗ ಮರ್ತೆ ಅಂತೀನಾ? ಎರಡೂ ಒಂದೇ ಬಿಡ್ಲಾ. ಈಗ್ಲೇ ಹುಟ್ಟಿಸ್ತೀನಿ, 'ಚಿಕ್ಕಪ್ಪ', ದಪ್ಪ ಅಕ್ಷರದಾಗೆ…

ಮೌಸ್ ಯಾಕ್ ಕಿತ್ಕೊಂಡೆ? ಅಲ್ಲೇನಿಲ್ಲ. ಅದು ಹಳೇ ಪಟ್ಟಿ, ಯಾರ್ ಏನ್ ತಿದ್ದಿದ್ರು ಅಂತ ಅದೇ ಬರ್ಕೊಂತದೆ. ಫ್ಯಾಕ್ಟ್ರೀಲಿ ಲೇತ್ ತಿರುಗ್ಸೋನಿಗೆ ಇದೆಲ್ಲ ಯಾರ್ ಹೇಳ್ಕೊಟ್ರು? ಪವಿತ್ರಾನಾ?… ಓಹೋ.

ಹ್ಞೂ, ಅಲ್ಲಿ ಬರ್ದೈತೆ: ಅಳಿಸಿದ ಕಾಲಂ, ಒಂದು. ಅಳಿಸಿದವರು, ಶಿವಣ್ಣ. ಬೆಳಿಗ್ಗೆ ಆರೂ ನಲವತ್ತು… ಅದು ಯಾರ್ ಒತ್ತಿದ್ರೂ ನನ್ ಹೆಸರೇ ತೋರಿಸ್ತದೆ, ಅಂಗಡಿ ನಂದಲ್ವಾ…

ಏನಾರ ಅನ್ಲಾ. ಬಯ್ಯಿ.

ಓದ್ಬುಟ್ಯಲ್ಲ. ಸರಿ. ಮದುಮಗಳು ತಾನೇ ಬಂದು ಈ ಕುರ್ಚೀಲಿ ಕೂತು ಹುಟ್ಟಿಸಿದ ಕಾಲಂ ಅದೊಂದೇ. 'ಧಾರೆ ಎರೆಯುವವರು'. ಅದ್ರಾಗೆ 'ವೇಣು, ವರಲಕ್ಷ್ಮಿ' ಅಂತ ನಿಮ್ ಗಂಡ ಹೆಂಡ್ತಿ ಹೆಸರು ತುಂಬಿ, ಪಕ್ಕದಾಗೆ ಸ್ಟಾರ್ ಹಾಕಿದ್ಳು. ಸ್ಟಾರ್ ಅಂದ್ರೆ ಕಡ್ಡಾಯ, ಖಾಲಿ ಬಿಡಂಗಿಲ್ಲ. ಆಮೇಲೆ ನಂಗೆ ಟೀ ತರಿಸ್ಕೊಟ್ಟು ಹೋದ್ಳು.

ಸ್ಕೂಲ್ ಹತ್ರ ಆಯ್ತದೆ ಅಂತ ಅವಳ್ನ ನಾನೇ ತಂದು ನಿಮ್ಮನೇಲಿ ಬಿಟ್ಟೋನು. ಒಂಬತ್ತು ವರ್ಷ ನಿಮ್ಮನೇಲೇ ಬೆಳದ್ಳು. ಜ್ವರ ಬಂದಾಗ ಪಕ್ಕ ಕೂತೋನು ನೀನು. ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕಿದೋನೂ ನೀನು. ನ್ಯಾಯ ನಿನ್ ಕಡೇನೇ ಐತೆ. ಆದ್ರೂ ಹೊಟ್ಟೆಕಿಚ್ಚು ಕಣ್ಲಾ, ತಮ್ಮನ್ ಮೇಲೆ ಹೊಟ್ಟೆಕಿಚ್ಚು. ಮಂಟಪದಾಗೆ ನೀನು ಧಾರೆ ಎರೀತಾ ಇದ್ರೆ ನಾನೆಲ್ಲಿ ನಿಂತ್ಕೊಳ್ಲಿ? 'ತಂದೆ' ಅಂತ ಒಂದು ಕಾಲಂ ಐತೆ. ಅದ್ರಾಗೆ ಶಿವಣ್ಣ ಅಂತ ತುಂಬಿದ್ದು ನಾನೇ. ಅವಳಲ್ಲ.

ಕೀಬೋರ್ಡ್ ಯಾಕ್ಲಾ ನನ್ ಕಡೆ ತಳ್ತೀಯ? ವಾಪಸ್ ತರೋ ಬಟನ್ ಎಲ್ಲೈತೆ ಅಂತ ಗೊತ್ತು ಕಣೋ. ಅಳಿಸಿದ ದಿನದಿಂದ ಗೊತ್ತು. ದಿನಾ ಬೆಳಿಗ್ಗೆ ಬಾಗ್ಲು ತೆಗೆದು ಅದನ್ನೇ ನೋಡ್ಕೊಂಡು ಕೂತಿರ್ತೀನಿ.

ನೀನೇ ಒತ್ಬುಡು… ಬ್ಯಾಡ, ಬ್ಯಾಡ. ನಾನೇ ಒತ್ತೀನಿ. ನೀನ್ ಒಸಿ ಆ ಕಡೆ ತಿರುಗ್ಕೊ.