ದೊಕ್ಸು ಮನೆಯ ತೊಲೆ

‘ಮನೆ ಕೆಡವಿ ನೋಡು, ತೊಲೆ ಮಾರಿ ನೋಡು’ ಎಂಬುದು ಮರಮುಟ್ಟಿನವರ ಗಾದೆ. ಈ ಕತೆ ಮಾತ್ರ ನಿಜ, ಜೊಂಜು ಊರಿನ ಬಸ್ಸಿನಲ್ಲಿ ನಾನೇ ಕಿವಿಯಾರೆ ಕೇಳಿದ್ದು. ಮುಂದಿನ ಸೀಟಿನಲ್ಲಿ ಹಳೆ ಮರಮುಟ್ಟಿನ ಅಂಗಡಿಯ ಇಬ್ಬರು ಕೆಲಸಗಾರರಿದ್ದರು.

“ದೊಕ್ಸಣ್ಣ, ಬೆಳಿಗ್ಗೆ ನಿಮ್ಮನೆ ತೊಲೆ ಸಿಕ್ತು ಅಂದ್ನಲ್ಲ, ಅದು ತಮಾಷೆ. ಮನೆ ಕಟ್ಟಿದಾಗ ನಿಮ್ಮಪ್ಪ ತೊಲೆ ಮೇಲೆ ಬರೆದ ತಾರೀಖಿತ್ತಲ್ಲ, ಇದ್ರಲ್ಲಿ ಅದನ್ನ ನಾನೇ ಬರ್ದಿದ್ದು.”

“ಗೊತ್ತು ಕಣೋ ಪಾಂಗಿಲ್. ಶಾಯಿ ಇನ್ನೂ ಹಸಿ ಇತ್ತು.”

“ಮತ್ಯಾಕೆ ತಬ್ಕೊಂಡು ಅತ್ರಿ?”

“ಸುಳ್ಳಾದ್ರೂ ಒಂದಿರ್ಲಿ ಅನ್ನಿಸ್ತು. ಮನೆ ಕೆಡವಿದಾಗಿಂದ ಅಂಗಡಿಗೆ ಬಂದ ಲಾರೀನೆಲ್ಲ ಹುಡುಕ್ದೆ. ನಿಜವಾದ್ದು ಜನವರೀಲೇ ಹೋಯ್ತು.”

“ಎಲ್ಲಿಗೆ?”

“ಹುಳ ತಿಂದಿದೆ ಅಂತ ನೀನು ಕೊಯ್ದು ಒಲೆಗೆ ಹಾಕಿದ್ಯಲ್ಲ, ಅದೇ. ಉರಿಯೋವಾಗ ಅಪ್ಪನ ಅಕ್ಷರ ಕಾಣಿಸ್ತು.”

“ಅಯ್ಯೋ, ಹೇಳ್ಬಾರ್ದಿತ್ತಾ?”

“ಹೇಳೋಷ್ಟರಲ್ಲಿ ಬಾಯಿಗೆ ಗೆಣಸು ತುರುಕಿದ್ಯಲ್ಲೋ! ಅದೇ ಬೆಂಕೀಲಿ ಸುಟ್ಟಿದ್ದು. ರುಚಿಯಾಗಿತ್ತು!”

ದೊಕ್ಸು ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕ. ಪಾಂಗಿಲ್ ಅವನ ತೋಳು ಹಿಡಿದು ಇಳಿಸಿಕೊಂಡು ಹೋದ.